ಗಜ, ರಂಜಕ, ಚಕಮಕಿ: ಮಸ್ಕೆಟ್ ಮತ್ತು ಹಾಯಿಹಡಗಿನ ಕಾಲದ ಯುದ್ಧಗಳು

ಎಲ್ಲರಿಗೂ ನಮಸ್ಕಾರ.

ಹದಿನೆಂಟನೆಯ ಶತಮಾನದ ಯುರೋಪಿನ ಯುದ್ಧಚಿತ್ರಗಳನ್ನು ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಕೆಂಪು, ನೀಲಿ, ಬಿಳಿ ಅಂಗಿ ತೊಟ್ಟ ಸಾವಿರಾರು ಜನ ಬಟ್ಟಬಯಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಸೆಟೆದು ನಿಂತಿದ್ದಾರಲ್ಲ, ಇವರಿಗೆ ಮರದ ಮರೆ ಹಿಡಿಯುವಷ್ಟೂ ಬುದ್ಧಿ ಇರಲಿಲ್ಲವೇ? ಆ ಜನ ನಮಗಿಂತ ದಡ್ಡರೇನೂ ಅಲ್ಲ. ಅವರು ಹಾಗೆ ನಿಂತದ್ದಕ್ಕೆ ಕಾರಣ ಅವರ ಕೈಯಲ್ಲಿದ್ದ ಕೋವಿ. ಇನ್ನೂ ಖಚಿತವಾಗಿ ಹೇಳಬೇಕೆಂದರೆ, ಆ ಕೋವಿಯನ್ನು ತುಂಬುವ ಕೆಲಸ. 1700ರಿಂದ 1815ರವರೆಗಿನ ಯಾವ ಯುದ್ಧದ ವರ್ಣನೆಯನ್ನೇ ಓದಿ, ಸೇನಾಪತಿಯ ಹೆಸರಿಗಿಂತ ಮೊದಲು ಸಿಪಾಯಿಯ ಕೈಗಳನ್ನು ನೋಡಿ ಎನ್ನುವುದು ನನ್ನ ಬೇಡಿಕೆ. ನೆಲದ ಮೇಲೂ ಅಷ್ಟೆ, ಕಡಲಿನ ಮೇಲೂ ಅಷ್ಟೆ.

ಕೋವಿಯಿಂದಲೇ ಶುರುಮಾಡೋಣ. ಬ್ರಿಟಿಷರ ‘ಬ್ರೌನ್ ಬೆಸ್’ ಮಸ್ಕೆಟ್ಟಿನ ನಳಿಗೆ ಮೊದಲು 46 ಅಂಗುಲ ಇತ್ತು, ಆಮೇಲೆ 42ಕ್ಕೆ ಇಳಿಯಿತು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆಂದು ಮಾಡಿಸಿದ್ದು 39 ಅಂಗುಲದ್ದು. 1790ರ ದಶಕದಲ್ಲಿ ಫ್ರಾನ್ಸಿನ ಮೇಲೆ ಯುದ್ಧ ಶುರುವಾಗಿ ಕೋವಿಗಳ ಕೊರತೆ ಬಿದ್ದಾಗ ಬ್ರಿಟಿಷ್ ಸರ್ಕಾರ ಕಂಪನಿಯ ಕೋವಿಗಳನ್ನೇ ಕೊಂಡು, ಅದೇ ಮಾದರಿಯನ್ನು ತನ್ನದಾಗಿಸಿಕೊಂಡಿತು. ವಾಟರ್ಲೂ ಕದನದಲ್ಲಿ ಹೆಚ್ಚಿನ ಬ್ರಿಟಿಷ್ ಸಿಪಾಯಿಗಳು ಹಿಡಿದಿದ್ದು ಈ ‘ಇಂಡಿಯಾ ಪ್ಯಾಟರ್ನ್’ ಕೋವಿಯನ್ನೇ. ತೂಕ ನಾಲ್ಕೂವರೆ ಕಿಲೋ ಆಸುಪಾಸು. ನಳಿಗೆಯ ಒಳಗಲ ಸುಮಾರು 19 ಮಿಲಿಮೀಟರ್, ಸೀಸದ ಗುಂಡಿನ ಅಗಲ ಸುಮಾರು ಹದಿನೇಳೂವರೆ. ನಡುವೆ ಉಳಿಯುವ ಈ ಒಂದೂವರೆ ಮಿಲಿಮೀಟರ್ ಸಂದನ್ನು ನೆನಪಿಡಿ. ಸಂದು ಇರುವುದರಿಂದ ಗುಂಡು ನಳಿಗೆಯ ಗೋಡೆಗೆ ಅಲ್ಲಿ ಇಲ್ಲಿ ಬಡಿಯುತ್ತಾ ಹೊರಬೀಳುತ್ತದೆ, ಕೊನೆಗೆ ಯಾವ ಕಡೆ ಬಡಿಯಿತೋ ಅದರ ಮೇಲೆ ಅದರ ದಾರಿ. ಎಪ್ಪತ್ತೆಂಬತ್ತು ಮೀಟರ್ ದಾಟಿದರೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುತ್ತೇನೆ ಎಂಬ ಮಾತಿಗೆ ಅರ್ಥವಿಲ್ಲ. ಹಾಗಾದರೆ ಸಂದು ಬಿಟ್ಟಿದ್ದೇಕೆ? ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆಯಾಗದೆ ಘನರೂಪದ ಕಿಟ್ಟವಾಗಿ ಉಳಿಯುತ್ತದೆ. ಹತ್ತು ಹದಿನೈದು ಸಲ ಹೊಡೆಯುವಷ್ಟರಲ್ಲಿ ನಳಿಗೆಯ ಒಳಗೆ ಮಸಿ ಗಟ್ಟಿಯಾಗಿ ಕೂರುತ್ತದೆ. ಗುಂಡು ಬಿಗಿಯಾಗಿದ್ದರೆ ಆ ಹೊತ್ತಿಗೆ ಅದು ಒಳಗೇ ಇಳಿಯುವುದಿಲ್ಲ. ಗುರಿಯನ್ನು ಬಿಟ್ಟುಕೊಟ್ಟು ವೇಗವನ್ನು ಕೊಂಡುಕೊಂಡರು.

ಈಗ ತುಂಬುವ ಕ್ರಮ. ಮಲೆನಾಡು, ಕೊಡಗಿನ ಕಡೆ ತುಂಬುಕೋವಿ ನೋಡಿದವರಿಗೆ ಇದರ ಅರ್ಧ ಭಾಗ ಗೊತ್ತೇ ಇದೆ. ಸಿಪಾಯಿಯ ಸೊಂಟದ ಚೀಲದಲ್ಲಿ ಕಾಗದದ ತೋಟಾಗಳಿವೆ. ಒಂದೊಂದರಲ್ಲೂ ಹತ್ತು ಗ್ರಾಂನಷ್ಟು ಮದ್ದು, 32 ಗ್ರಾಂನಷ್ಟು ತೂಕದ ಒಂದು ಗುಂಡು. ಅವನು ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾನೆ. ಕೋವಿಯ ಪಕ್ಕದಲ್ಲಿರುವ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಸುರಿಯುತ್ತಾನೆ, ಇದೇ ರಂಜಕ. ಬಟ್ಟಲಿನ ಮುಚ್ಚಳ ಹಾಕಿ, ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಉಳಿದ ಮದ್ದನ್ನು ಬಾಯಿಂದ ಒಳಗೆ ಸುರಿದು, ಗುಂಡನ್ನೂ ಕಾಗದವನ್ನೂ ಹಿಂದೆಯೇ ತುರುಕುತ್ತಾನೆ. ನಳಿಗೆಯ ಕೆಳಗಿನಿಂದ ಗಜವನ್ನು, ಅಂದರೆ ಮದ್ದು ಜಡಿಯುವ ಉದ್ದ ಕೋಲನ್ನು, ಎಳೆದು, ತಿರುಗಿಸಿ, ಜಡಿದು, ಮತ್ತೆ ಎಳೆದು ಅದರ ಜಾಗಕ್ಕೆ ಸೇರಿಸುತ್ತಾನೆ. ಕೋವಿಯನ್ನು ಎತ್ತಿ ಕುದುರೆಯನ್ನು ಪೂರ್ತಿ ಹಿಂದಕ್ಕೆ ಎಳೆಯುತ್ತಾನೆ. ಕೋವಿಯ ಕುದುರೆ ಎಂದರೆ ಚಕಮಕಿ ಕಲ್ಲನ್ನು ಬಾಯಲ್ಲಿ ಕಚ್ಚಿಕೊಂಡಿರುವ ಸುತ್ತಿಗೆ. ಬಿಲ್ಲು, ಅಂದರೆ ಟ್ರಿಗರ್, ಒತ್ತಿದಾಗ ಕಲ್ಲು ಉಕ್ಕಿನ ತಗಡಿಗೆ ಬಡಿದು, ತಗಡು ಹಿಂದೆ ಸರಿದು, ಕಿಡಿ ಬಟ್ಟಲಿಗೆ ಬಿದ್ದು, ರಂಜಕ ಹೊತ್ತಿ, ಕಿವಿಯೆಂಬ ಸಣ್ಣ ತೂತಿನ ಮೂಲಕ ಬೆಂಕಿ ಒಳಗಿನ ಮದ್ದಿಗೆ ತಾಗಬೇಕು. ಪಳಗಿದ ಸಿಪಾಯಿ ಇದನ್ನೆಲ್ಲ ನಿಮಿಷಕ್ಕೆ ಮೂರು ಸಲ ಮಾಡಬಲ್ಲ, ಸಾಮಾನ್ಯನಿಗೆ ಎರಡೇ ಸಲ.

ಎಲ್ಲೆಲ್ಲಿ ಕೆಡುತ್ತದೆ ನೋಡಿ. ಒಂದು ಕಲ್ಲು ಇಪ್ಪತ್ತು ಗುಂಡಿನ ಆಸುಪಾಸಿನಲ್ಲಿ ಮೊಂಡಾಗುತ್ತದೆ. ಇಂಗ್ಲೆಂಡಿನ ಬ್ರ್ಯಾಂಡನ್ ಊರಿನ ಕಪ್ಪು ಕಲ್ಲಿಗೆ ಹೆಸರಿತ್ತು. ಆದರೆ ಎಷ್ಟು ಒಳ್ಳೆಯ ಕಲ್ಲಾದರೂ ತೊಗಲಿನ ಅಥವಾ ಸೀಸದ ತುಂಡು ಸುತ್ತಿ ಬಿಗಿಯಾಗಿ ಕೂರಿಸದಿದ್ದರೆ ಜಾರುತ್ತದೆ, ಒಡೆಯುತ್ತದೆ. ಕಿವಿಯಲ್ಲಿ ಮಸಿ ಕಟ್ಟಿಕೊಂಡರೆ ಬಟ್ಟಲಲ್ಲಿ ಬುಸ್ಸೆಂದು ಉರಿದು ಒಳಗೆ ತಣ್ಣಗೆ. ಅದಕ್ಕಾಗಿ ಎದೆಪಟ್ಟಿಗೆ ತಂತಿಯ ಕಡ್ಡಿ, ಕಿರುಕುಂಚ ನೇತುಹಾಕಿಕೊಂಡಿರುತ್ತಿದ್ದರು. ಅತಿ ಅಪಾಯದ ತಪ್ಪು ಇದಲ್ಲ. ಸುತ್ತ ಸಾವಿರ ಕೋವಿ ಗುಡುಗುವಾಗ ತನ್ನ ಕೋವಿ ಹಾರಲಿಲ್ಲ ಎಂಬುದೇ ಸಿಪಾಯಿಗೆ ತಿಳಿಯುವುದಿಲ್ಲ. ಅವನು ಅದರ ಮೇಲೆ ಇನ್ನೊಂದು ತೋಟಾ ಜಡಿಯುತ್ತಾನೆ, ಕೆಲವೊಮ್ಮೆ ಮೂರನೆಯದನ್ನೂ. ಆಮೇಲೆ ಹೊತ್ತಿಕೊಂಡರೆ ನಳಿಗೆಯೇ ಸಿಡಿಯಬಹುದು. ಗಾಬರಿಯಲ್ಲಿ ಗಜವನ್ನು ನಳಿಗೆಯಲ್ಲೇ ಬಿಟ್ಟು ಹೊಡೆದರೆ ಅದು ಶತ್ರುವಿನ ಕಡೆ ಹಾರಿಹೋಗುತ್ತದೆ. ಗಜವಿಲ್ಲದ ಕೋವಿ ಬರೀ ದೊಣ್ಣೆ. ಇನ್ನು ಬಾಯಾರಿಕೆ: ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ತೋಟಾ ಕಚ್ಚಿದಾಗಲೆಲ್ಲ ಅದು ನಾಲಿಗೆಗೆ ತಾಗುತ್ತದೆ. ಅರ್ಧ ಗಂಟೆಯಲ್ಲಿ ತುಟಿ ಕಪ್ಪಾಗಿ ಗಂಟಲು ಒಣಗುತ್ತದೆ. ಕಾದಾಟದ ನಡುವೆ ಜನ ನೀರಿಗಾಗಿ ಹಂಬಲಿಸಿದ್ದರಲ್ಲಿ ಬಿಸಿಲಿನಷ್ಟೇ ಪಾಲು ಈ ಉಪ್ಪಿನದೂ ಇದೆ.

ಆ ಉಪ್ಪು ಎಲ್ಲಿಂದ ಬಂತು ಎಂದು ಕೇಳಿದರೆ, ಬ್ರಿಟಿಷರ ಮಟ್ಟಿಗೆ ಉತ್ತರ ಬಿಹಾರ. ಪಟ್ನಾ ಸುತ್ತಿನ ಹಳ್ಳಿಗಳಲ್ಲಿ ದನ ಕಟ್ಟಿದ ಹಳೇ ಮಣ್ಣನ್ನು ಕೆರೆದು, ನೀರಿನಲ್ಲಿ ಸೋಸಿ, ಕಾಯಿಸಿ ಹರಳು ತೆಗೆಯುತ್ತಿದ್ದರು. ಪ್ಲಾಸಿಯ ಮರುವರ್ಷ, 1758ರಲ್ಲಿ ಕಂಪನಿ ಇದರ ಏಕಸ್ವಾಮ್ಯ ಪಡೆಯಿತು. ಫ್ರಾನ್ಸಿಗೆ ಈ ಬಾಗಿಲು ಮುಚ್ಚಿತು. ಮುಂದೆ ಅವರು ತಮ್ಮದೇ ನೆಲಮಾಳಿಗೆ, ಕೊಟ್ಟಿಗೆಗಳ ಗೋಡೆಯ ಮಣ್ಣನ್ನು ಕೆರೆದು ಪೆಟ್ಲುಪ್ಪು ತೆಗೆಯಬೇಕಾಯಿತು.

ಈಗ ಆ ಮೊದಲ ಪ್ರಶ್ನೆಗೆ ಬರೋಣ. ಒಂದು ಕೋವಿ ಗುರಿ ತಪ್ಪುತ್ತದೆ, ಮುನ್ನೂರು ಕೋವಿ ಒಟ್ಟಿಗೆ ಹಾರಿದರೆ ಎದುರಿನ ಸಾಲಿಗೆ ತಪ್ಪುವುದಿಲ್ಲ. ಆದ್ದರಿಂದ ಆಯುಧ ಎಂದರೆ ಒಂದು ಕೋವಿ ಅಲ್ಲ, ಇಡೀ ಸಾಲು. ನೆಲಕ್ಕೆ ಒರಗಿ ಮಲಗಿದರೆ ನಾಲ್ಕಡಿಗೂ ಉದ್ದದ ಕೋವಿಗೆ ಮೇಲಿನಿಂದ ಮದ್ದು ಸುರಿಯುವುದು ಹೇಗೆ? ಅದಕ್ಕೇ ನಿಂತರು. ಚದುರಿ ನಿಂತರೆ ಅಧಿಕಾರಿಯ ದನಿ, ತಮಟೆಯ ಸದ್ದು ಮುಟ್ಟುವುದಿಲ್ಲ. ಅದಕ್ಕೇ ಒತ್ತಿ ನಿಂತರು. ಎರಡು ಮೂರು ಸುತ್ತು ಹಾರಿಸಿದ ಮೇಲೆ ಹೊಗೆಯಲ್ಲಿ ಯಾರು ನಮ್ಮವರು ಯಾರು ಪರರು ಎಂದು ತಿಳಿಯದು. ಅದಕ್ಕೇ ಢಾಳಾದ ಬಣ್ಣದ ಅಂಗಿ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ಬ್ರಿಟಿಷ್ ಕವಾಯತಿನಲ್ಲಿ ಒಬ್ಬನಿಗೆ ಸುಮಾರು 21 ಅಂಗುಲ ಜಾಗ. ಆರುನೂರು ಜನರ ಬೆಟಾಲಿಯನ್ ಎರಡು ಸಾಲಾಗಿ ನಿಂತರೆ 160 ಮೀಟರ್ ಅಗಲ, ಎಲ್ಲ ಆರುನೂರು ಕೋವಿಗಳೂ ಕೆಲಸಕ್ಕೆ ಬರುತ್ತವೆ. ಫ್ರೆಂಚರ ಹಾಗೆ ಮೂರು ಸಾಲಾದರೆ ಅಗಲ 106 ಮೀಟರಿಗೆ ಇಳಿದು, ಮೂರನೆಯ ಸಾಲಿನವನು ಮುಂದಿನವರ ಕಿವಿಯ ಪಕ್ಕ ಕೋವಿ ತೂರಿಸಲು ಒದ್ದಾಡುತ್ತಾನೆ. ಎದುರಾಳಿ ಕಾಲಾಳು ಬಿರುಸುನಡೆಯಲ್ಲಿ ನಿಮಿಷಕ್ಕೆ 108 ಹೆಜ್ಜೆ ಇಟ್ಟರೆ 80 ಮೀಟರ್ ದಾಟಲು ಒಂದು ನಿಮಿಷ. ಆ ನಿಮಿಷದಲ್ಲಿ ನಿಮಗೆ ಸಿಗುವುದು ಎರಡು, ಹೆಚ್ಚೆಂದರೆ ಮೂರು ಸುತ್ತು. ಅದರಲ್ಲೂ ಮೊದಲ ಸುತ್ತೇ ಬಂಗಾರ. ಅದನ್ನು ನಿಧಾನವಾಗಿ, ಕೈ ನಡುಗದೆ, ಹೊಗೆಯಿಲ್ಲದಾಗ ತುಂಬಿರುತ್ತಾರೆ, ಕಲ್ಲು ಹೊಸದು, ನಳಿಗೆ ಚೊಕ್ಕ. 1759ರ ಸೆಪ್ಟೆಂಬರ್ 13ರಂದು ಕೆನಡಾದ ಕ್ವಿಬೆಕ್ ಕೋಟೆಯ ಹೊರಗೆ ಬ್ರಿಟಿಷ್ ಸೇನಾಪತಿ ವುಲ್ಫ್ ತನ್ನವರಿಗೆ ಎರಡೆರಡು ಗುಂಡು ತುಂಬಿಸಿ, ಫ್ರೆಂಚರು ನಲವತ್ತು ಯಾರ್ಡ್‌ನಷ್ಟು ಹತ್ತಿರ ಬರುವವರೆಗೂ ತಡೆಹಿಡಿದ. ಒಂದೆರಡು ಸುತ್ತಿನಲ್ಲಿ ಎದುರಿನ ಸಾಲು ಒಡೆಯಿತು. ಅಲ್ಲಿ ಗೆದ್ದದ್ದು ಕಾಯುವ ಶಿಸ್ತು.

ವೇಗಕ್ಕೆ ಉದಾಹರಣೆ ಪ್ರಷ್ಯ. ಮರದ ಗಜ ಮಳೆಗೆ ಉಬ್ಬುತ್ತದೆ, ಅವಸರಕ್ಕೆ ಮುರಿಯುತ್ತದೆ. ಡೆಸೌ ಸಂಸ್ಥಾನದ ಲಿಯೋಪೋಲ್ಡ್ ಪ್ರಷ್ಯನ್ ಸೈನ್ಯಕ್ಕೆ ಕಬ್ಬಿಣದ ಗಜ ತಂದು, ಕವಾಯತಿನಲ್ಲಿ ಕೈಗಳನ್ನು ಯಂತ್ರದಂತೆ ಪಳಗಿಸಿದ. 1741ರ ಏಪ್ರಿಲ್ 10ರಂದು ಮೊಲ್ವಿಟ್ಸ್‌ನಲ್ಲಿ ಪ್ರಷ್ಯದ ಅಶ್ವದಳ ಓಡಿಹೋಯಿತು, ಸೋತೆವೆಂದುಕೊಂಡ ರಾಜ ಫ್ರೆಡರಿಕ್ ರಣರಂಗ ಬಿಟ್ಟು ಹೊರಟೇಹೋದ. (ಆಗ ಅವನು ಪಟ್ಟಕ್ಕೇರಿ ವರ್ಷವೂ ಆಗಿರಲಿಲ್ಲ.) ಅವನಿಲ್ಲದೆಯೇ ಕಾಲಾಳುಗಳು ತುಂಬಿದರು, ಹೊಡೆದರು, ತುಂಬಿದರು, ಕದನ ಗೆದ್ದರು.

ಕುದುರೆಸವಾರರ ಲೆಕ್ಕವೇ ಬೇರೆ. ಆ ಎಂಬತ್ತು ಮೀಟರನ್ನು ನಾಗಾಲೋಟದ ಕುದುರೆ ಹದಿನೈದು ಸೆಕೆಂಡಿನ ಒಳಗೆ ದಾಟುತ್ತದೆ. ಒಂದೇ ಸುತ್ತು, ಮತ್ತೆ ತುಂಬಲು ಹೊತ್ತಿಲ್ಲ. ಆದ್ದರಿಂದ ಕೋವಿಯ ಮೂತಿಗೆ ಬಯೋನೆಟ್, ನಮ್ಮ ಹಳೆಯ ಮಾತಿನಲ್ಲಿ ಸನೀನು. ಮೊದಮೊದಲು ಅದರ ಹಿಡಿಯನ್ನು ನಳಿಗೆಯ ಬಾಯೊಳಗೇ ಬಿರಡೆಯಂತೆ ತುರುಕುತ್ತಿದ್ದರು. ಹಾಗೆ ಮಾಡಿದ ಕೂಡಲೇ ಕೋವಿಯ ಬಾಯಿ ಮುಚ್ಚಿಹೋಯಿತು. 1689ರ ಜುಲೈ 27ರಂದು ಸ್ಕಾಟ್ಲೆಂಡಿನ ಕಿಲಿಕ್ರ್ಯಾಂಕಿಯಲ್ಲಿ ಸರ್ಕಾರಿ ಸಿಪಾಯಿಗಳು ಒಂದು ಸುತ್ತು ಹಾರಿಸಿ ಬಯೋನೆಟ್ ತುರುಕುವ ಹೊತ್ತಿಗೆ ಬೆಟ್ಟದ ಮೇಲಿಂದ ಕತ್ತಿ ಹಿಡಿದ ಹೈಲ್ಯಾಂಡರುಗಳು ಮೈಮೇಲೆ ಬಿದ್ದಿದ್ದರು. ಅದಾದ ಮೇಲೆ ನಳಿಗೆಯ ಹೊರಗೆ ಬಳೆಯಂತೆ ಕೂರುವ, ಅಲಗು ಪಕ್ಕಕ್ಕೆ ಬಾಗಿದ ಬಯೋನೆಟ್ ಎಲ್ಲೆಡೆ ಹಬ್ಬಿತು. ಸಿಕ್ಕಿಸಿಕೊಂಡೇ ತುಂಬಬಹುದು, ಹೊಡೆಯಬಹುದು. ಈಟಿಗಾರರ ಪಡೆಯೇ ಯುರೋಪಿನಿಂದ ಮರೆಯಾಗಲು ಈ ಬಳೆ ಕಾರಣ.

ಅಶ್ವದಳ ಬಂದಾಗ ಬೆಟಾಲಿಯನ್ ಚೌಕವಾಗುತ್ತದೆ. ಮುಂದಿನ ಸಾಲು ಮಂಡಿಯೂರಿ ಕೋವಿಯ ಹಿಡಿಯನ್ನು ನೆಲಕ್ಕೆ ಊರುತ್ತದೆ. ಎಷ್ಟೇ ಪಳಗಿದ ಕುದುರೆಯೂ ಮುಳ್ಳುಬೇಲಿಯಂಥ ಅಲಗುಗಳ ಮೇಲೆ ತಾನಾಗಿ ನುಗ್ಗುವುದಿಲ್ಲ, ಪಕ್ಕಕ್ಕೆ ಸರಿದು ಸುತ್ತು ಹಾಕುತ್ತದೆ. 1815ರ ಜೂನ್ 18ರ ಮಧ್ಯಾಹ್ನ ವಾಟರ್ಲೂನಲ್ಲಿ ಫ್ರೆಂಚ್ ಅಶ್ವದಳ ಮತ್ತೆ ಮತ್ತೆ ಏರಿ ಬಂದು ಚೌಕಗಳನ್ನು ಒಡೆಯಲಾಗದೆ ಹಿಂದಿರುಗಿದ್ದು ಹೀಗೆ. ಚೌಕ ಒಡೆದ ಪ್ರಸಂಗವೂ ಇದೆ. 1812ರ ಜುಲೈ 23ರಂದು ಸ್ಪೇನಿನ ಗಾರ್ಸಿಯಾ ಹೆರ್ನಾಂಡೆಸ್‌ನಲ್ಲಿ ಗುಂಡು ತಗುಲಿದ ಜರ್ಮನ್ ಕುದುರೆಯೊಂದು ಓಟದ ಭರದಲ್ಲೇ ಫ್ರೆಂಚರ ಚೌಕದ ಮೇಲೆ ಉರುಳಿತು. ಆ ಕಂಡಿಯಿಂದ ಉಳಿದವರು ನುಗ್ಗಿದರು.

ಮಳೆ ಬಂದರೆ ಇಷ್ಟೂ ಲೆಕ್ಕ ತಲೆಕೆಳಗು. 1813ರ ಆಗಸ್ಟ್ 26ರಂದು ಕಾಟ್ಸ್‌ಬಾಖ್ ನದಿಯ ದಂಡೆಯಲ್ಲಿ ಧಾರಾಕಾರ ಮಳೆ. ರಂಜಕ ಗಂಜಿಯಾಯಿತು. ಪ್ರಷ್ಯನ್ನರೂ ಫ್ರೆಂಚರೂ ಬಯೋನೆಟ್ಟಿನಿಂದ ತಿವಿದು, ಕೋವಿಯ ಹಿಡಿಯಿಂದ ಬಡಿದು ಕಾದಾಡಿದರು. ಕೊನೆಗೆ ಫ್ರೆಂಚರು ಉಕ್ಕೇರಿದ ನದಿಯ ಕಡೆಗೆ ತಳ್ಳಲ್ಪಟ್ಟು ಸೋತರು.

ಕತ್ತಲೆಯೂ ಮಳೆಯಷ್ಟೇ ಕೆಟ್ಟದ್ದು. ಸಾಲು ಕಣ್ಣಿಗೆ ಕಾಣಬೇಕು, ಅಧಿಕಾರಿ ಕಾಣಬೇಕು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನೊಳಗೆ 33ನೇ ರೆಜಿಮೆಂಟನ್ನು ನುಗ್ಗಿಸಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದನ್ನು ಕಹಿಯಾಗಿ ಕಲಿತ. ಮರ, ಕಾಲುವೆ, ಕತ್ತಲು, ಎದುರಿನಿಂದ ಮೈಸೂರಿನವರ ಗುಂಡು ಮತ್ತು ಬಾಣ. ದಾಳಿ ಚೆದುರಿ ಸೋತಿತು. ಮರುದಿನ ಹಗಲಿನಲ್ಲಿ ಅದೇ ತೋಪು ಸಲೀಸಾಗಿ ಅವನ ವಶವಾಯಿತು. ಹದಿನಾರು ವರ್ಷದ ನಂತರ ವಾಟರ್ಲೂನಲ್ಲಿ ನಿಂತ ವೆಲ್ಲಿಂಗ್ಟನ್ ಇವನೇ. ಆ ಬಾಣಗಳೆಂದರೆ ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟುಗಳು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಇಂಥ ಸಾವಿರಕ್ಕೂ ಹೆಚ್ಚು ಸಿಕ್ಕಿದವು. ಶ್ರೀರಂಗಪಟ್ಟಣದಲ್ಲಿ ಕೈವಶವಾದವುಗಳು ಇಂಗ್ಲೆಂಡಿಗೆ ಹೋದವು, ಅಲ್ಲಿನ ಸಂಶೋಧಕ ವಿಲಿಯಂ ಕಾಂಗ್ರೀವ್ ಅವುಗಳಿಂದ ಕಲಿತು ತನ್ನ ರಾಕೆಟ್ ಮಾಡಿದ, ಅವು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟವು.

ಇನ್ನು ಕಡಲಿಗೆ ಹೋಗೋಣ. ಇಲ್ಲಿ ತುಂಬುವ ಕೆಲಸ ಒಬ್ಬನದ್ದಲ್ಲ, ಹನ್ನೆರಡು ಹದಿನಾಲ್ಕು ಜನರದ್ದು.

ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ವಿಕ್ಟರಿ ಹಡಗು 1765ರ ಮೇ 7ರಂದು ನೀರಿಗಿಳಿಯಿತು. 1805ರ ಅಕ್ಟೋಬರ್ 21ರ ಟ್ರಫಾಲ್ಗರ್ ಕದನದಲ್ಲಿ ಅದರ ಮೇಲೆ 104 ತೋಪುಗಳು, 821 ಜನ. ಅತಿ ಭಾರದ ತೋಪುಗಳು ಕೆಳ ಅಟ್ಟದಲ್ಲಿ: 32 ಪೌಂಡ್ ಗುಂಡಿನವು 30. ನಡು ಅಟ್ಟದಲ್ಲಿ 24 ಪೌಂಡಿನವು 28, ಮೇಲಿನ ಅಟ್ಟದಲ್ಲಿ 12 ಪೌಂಡಿನವು 30, ಉಳಿದವು ತೆರೆದ ಮಾಳಿಗೆಯಲ್ಲಿ. ಒಂದು ಮಗ್ಗುಲಿನ ತೋಪುಗಳಿಗೆಲ್ಲ ಒಂದೊಂದೇ ಗುಂಡು ತುಂಬಿದರೂ ಒಂದೇಟಿಗೆ 520 ಕಿಲೋ ಕಬ್ಬಿಣ. ನೆಲದ ಮೇಲೆ ನೆಪೋಲಿಯನ್ನನ ಅತಿ ದೊಡ್ಡ ಬಯಲುತೋಪು 12 ಪೌಂಡಿನದು, ವಿಕ್ಟರಿಯಲ್ಲಿ ಅದೇ ಅತಿ ಚಿಕ್ಕದು.

32 ಪೌಂಡಿನ ಒಂದು ತೋಪಿನ ತೂಕ ಸುಮಾರು ಎರಡೂ ಮುಕ್ಕಾಲು ಟನ್, ಉದ್ದ ಒಂಬತ್ತೂವರೆ ಅಡಿ. ಇದು ಹಾರಿದಾಗ ತಾನೇ ಹಿಂದಕ್ಕೆ ಉರುಳಿ ಬರುತ್ತದೆ, ಮುಂಗೈ ದಪ್ಪದ ಹಗ್ಗವೊಂದು ಅದನ್ನು ತಡೆದು ನಿಲ್ಲಿಸುತ್ತದೆ. ಈಗ ಬಾಯಿ ಹಡಗಿನ ಒಳಗಿದೆ, ತುಂಬಬಹುದು. ಒಬ್ಬ ಕಿವಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚುತ್ತಾನೆ, ಗಾಳಿಯಾಡಿದರೆ ಒಳಗಿನ ಕಿಡಿ ಮತ್ತೆ ಜೀವ ಹಿಡಿಯುತ್ತದೆ. ಸುರುಳಿ ಕೊಕ್ಕೆಯಿಂದ ಸುಡುಚೂರುಗಳನ್ನು ಹೊರಗೆಳೆದು, ಒದ್ದೆ ಕುರಿತೊಗಲಿನ ಕುಂಚದಿಂದ ತಳದವರೆಗೂ ಒರೆಸುತ್ತಾರೆ. ಇದನ್ನು ಬಿಟ್ಟರೆ ಮುಂದಿನ ಮದ್ದಿನ ಚೀಲ ಒಳಗೆ ಹೋಗುವಾಗಲೇ ಹೊತ್ತಿ, ಗಜ ಹಿಡಿದವನ ತೋಳು ಹೋಗುತ್ತದೆ. ಆಮೇಲೆ ಫ್ಲಾನಲ್ ಬಟ್ಟೆಯ ಮದ್ದಿನ ಚೀಲ, ಗುಂಡಿನ ತೂಕದ ಮೂರನೇ ಒಂದು ಭಾಗದಷ್ಟು. ಬಳಿಕ ಗುಂಡು, ಹಡಗು ಓಲಾಡಿದಾಗ ಅದು ಉರುಳಿ ಹೊರಬೀಳದಂತೆ ಹಳೇ ಹಗ್ಗದ ಉಂಡೆ. ಎರಡೂ ಕಡೆಯ ರಾಟೆಹಗ್ಗ ಜಗ್ಗಿ ತೋಪನ್ನು ಕಿಂಡಿಯಿಂದ ಹೊರಚಾಚುವುದೇ ಬೆವರಿನ ಕೆಲಸ. ತೋಪಿನ ನಾಯಕ ಕಿವಿಯಿಂದ ತಂತಿ ಚುಚ್ಚಿ ಚೀಲಕ್ಕೆ ತೂತು ಮಾಡಿ, ಮದ್ದು ತುಂಬಿದ ಹೆಬ್ಬಾತಿನ ಗರಿಯ ಕಡ್ಡಿಯನ್ನು ಇಳಿಸುತ್ತಾನೆ. ಮೀಟುಗೋಲಿನಿಂದ ಎಡಬಲ, ಮರದ ಬೆಣೆಯಿಂದ ಮೇಲೆ ಕೆಳಗೆ. ಉರುಳುವ ದಾರಿಯಿಂದ ದೂರ ಸರಿದು ಹುರಿ ಜಗ್ಗುತ್ತಾನೆ.

ಹುರಿ ಏಕೆ ಮುಖ್ಯ ಎಂದರೆ, ಬ್ರಿಟಿಷ್ ತೋಪುಗಳ ಮೇಲೆ ಕೋವಿಯಲ್ಲಿರುವಂಥದ್ದೇ ಚಕಮಕಿ ಯಂತ್ರವಿತ್ತು. ಸರ್ ಚಾರ್ಲ್ಸ್ ಡಗ್ಲಸ್ ಎಂಬ ಕಪ್ತಾನ ಇದನ್ನು ತನ್ನ ಹಡಗಿನಲ್ಲಿ ಅಳವಡಿಸಿ, 1782ರ ಏಪ್ರಿಲ್ 12ರ ಸೇಂಟ್ಸ್ ಕದನದಲ್ಲಿ ಅದರ ಬೆಲೆ ತೋರಿಸಿದ. ಫ್ರೆಂಚ್, ಸ್ಪ್ಯಾನಿಷ್ ಹಡಗುಗಳಲ್ಲಿ ಹೆಚ್ಚಾಗಿ ಜಾಮಗಿ, ಅಂದರೆ ಹೊಗೆಯಾಡುವ ಬತ್ತಿ. ಬತ್ತಿ ಮುಟ್ಟಿಸಿ ಬೆಂಕಿ ಇಳಿಯುವಷ್ಟರಲ್ಲಿ ಹಡಗು ಅಲೆಯ ಮೇಲೆ ಓಲಿರುತ್ತದೆ, ಗುಂಡು ನೀರಿಗೋ ಹಾಯಿಗೋ ಹೋಗುತ್ತದೆ. ಹುರಿ ಜಗ್ಗಿದವನು ಓಲಾಟದ ಸರಿಯಾದ ಕ್ಷಣವನ್ನು ಹಿಡಿಯಬಲ್ಲ. ಒಳ್ಳೆಯ ಬ್ರಿಟಿಷ್ ತಂಡ ಒಂದೂವರೆ ನಿಮಿಷಕ್ಕೊಮ್ಮೆ ಹಾರಿಸುತ್ತಿತ್ತು. ಎದುರಾಳಿಗಳು ವರ್ಷಗಟ್ಟಲೆ ಬ್ರೆಸ್ಟ್, ಟುಲಾನ್, ಕಾಡಿಸ್ ಬಂದರುಗಳಲ್ಲಿ ದಿಗ್ಬಂಧನದಲ್ಲಿದ್ದರು. ತೆರೆಯ ಮೇಲೆ ತುಂಬಿ ಪಳಗುವ ಅವಕಾಶವೇ ಅವರಿಗೆ ಸಿಗಲಿಲ್ಲ. ಅವರು ಹೇಡಿಗಳಾಗಿದ್ದರು ಎಂಬ ಹಳೆಯ ಮಾತು ಅನ್ಯಾಯದ್ದು.

ಟ್ರಫಾಲ್ಗರಿನಲ್ಲಿ ನೆಲ್ಸನ್ 27 ಹಡಗುಗಳನ್ನು ಎರಡು ಸಾಲು ಮಾಡಿ, ಫ್ರೆಂಚ್, ಸ್ಪ್ಯಾನಿಷರ 33 ಹಡಗುಗಳ ಸಾಲಿಗೆ ಅಡ್ಡಲಾಗಿ ನೇರ ನುಗ್ಗಿಸಿದ. ಮೂತಿ ಮುಂದಾಗಿ ಹೋಗುವ ಹಡಗಿಗೆ ಮಗ್ಗುಲಿನ ತೋಪುಗಳಿಂದ ಉತ್ತರ ಕೊಡಲಾಗದು. ಗಾಳಿಯೂ ಮಂದ, ನಡಿಗೆಯ ವೇಗ. ವಿಕ್ಟರಿಯ ಚುಕ್ಕಾಣಿಯ ಚಕ್ರವೇ ಹಾರಿಹೋಗಿ ಕೆಳ ಅಟ್ಟದಿಂದ ಹಗ್ಗ ಜಗ್ಗಿ ತಿರುಗಿಸಬೇಕಾಯಿತು. ಆದರೆ ಸಾಲನ್ನು ಸೀಳುವಾಗ ಎಡ ಮಗ್ಗುಲು ಫ್ರೆಂಚ್ ನೌಕಾಧಿಪತಿಯ ಬ್ಯೂಸೆಂಟಾರ್ ಹಡಗಿನ ಹಿಂಬದಿಗೆ ಬಂತು. ಹಿಂಬದಿಯೆಂದರೆ ಗಾಜಿನ ಕಿಟಕಿ, ತೆಳು ಹಲಗೆ. ಮೊದಲು 68 ಪೌಂಡಿನ ಗಿಡ್ಡ ಕ್ಯಾರನೇಡ್ ತೋಪಿನಿಂದ ಒಂದು ಗುಂಡು, ಜೊತೆಗೆ 500 ಮಸ್ಕೆಟ್ ಗುಂಡುಗಳ ಪೀಪಾಯಿ. ಹಿಂದೆಯೇ ಒಂದೊಂದಾಗಿ ಉಳಿದ ತೋಪುಗಳು. ಹಿಂದಿನಿಂದ ಹೊಕ್ಕ ಗುಂಡು ಅಟ್ಟದ ಉದ್ದಕ್ಕೂ ಸಾಗಿ ಎರಡೂ ಬದಿಯ ತೋಪುಗಳನ್ನು ಉರುಳಿಸುತ್ತದೆ. ಗುಂಡಿಗಿಂತಲೂ ಹೆಚ್ಚು ಜನರನ್ನು ಗಾಯಗೊಳಿಸುವುದು ಸಿಡಿದ ಓಕ್ ಮರದ ಚಕ್ಕೆ. ನೆಲ್ಸನ್ ಸತ್ತದ್ದು ಮಾತ್ರ ಕೋವಿಯ ಗುಂಡಿಗೆ. ಪಕ್ಕಕ್ಕೆ ತಾಗಿಕೊಂಡಿದ್ದ ರಡೂಟಾಬ್ಲ್ ಹಡಗಿನ ಕೂವೆಮರದ ಮೇಲಿನ ಅಟ್ಟಣಿಗೆಯಿಂದ ಬಂದ ಗುಂಡು ಅದು. ಅದರ ಕಪ್ತಾನ ಲುಕಾ, ಬಂದರಿನಲ್ಲಿ ತೋಪಿನ ಅಭ್ಯಾಸ ಆಗದೆಂದು ತಿಳಿದು ತನ್ನವರನ್ನು ಕೋವಿ ಮತ್ತು ಕೈಬಾಂಬಿನಲ್ಲೇ ಪಳಗಿಸಿದ್ದ.

ಕಡಲಿನಲ್ಲಿ ಮಳೆಯ ಪಾತ್ರ ವಹಿಸುವುದು ಗಾಳಿ. ಭಾರದ ತೋಪುಗಳು ಕೆಳಗಿರಬೇಕು, ಇಲ್ಲದಿದ್ದರೆ ಹಡಗು ಮಗುಚುತ್ತದೆ. ಆದರೆ ಕೆಳಗಿನ ಕಿಂಡಿ ನೀರಿಗೆ ಹತ್ತಿರ. 1759ರ ನವೆಂಬರ್ 20ರಂದು ಕಿಬ್ರಾನ್ ಕೊಲ್ಲಿಯ ಬಿರುಗಾಳಿಯಲ್ಲಿ ಫ್ರೆಂಚರ ಟೇಸೇ ಹಡಗು ಕೆಳಗಿನ ಕಿಂಡಿ ತೆರೆದು ಕಾದಾಡುವಾಗಲೇ ನೀರು ನುಗ್ಗಿ, ನೂರಾರು ಜನರೊಂದಿಗೆ ಮುಳುಗಿತು. ಕ್ಯಾರನೇಡ್‌ಗೂ ಅದರದೇ ದೋಷವಿತ್ತು. ಹಗುರ, ಕಡಿಮೆ ಕೈ ಸಾಕು, ಹತ್ತಿರದಿಂದ ಭೀಕರ, ದೂರಕ್ಕೆ ಎಟುಕದು. ಬಹುತೇಕ ಅವನ್ನೇ ಹೊತ್ತಿದ್ದ ಅಮೆರಿಕದ ಎಸೆಕ್ಸ್ ಹಡಗನ್ನು 1814ರ ಮಾರ್ಚ್ 28ರಂದು ವಾಲ್ಪರೈಸೊ ಬಳಿ ಬ್ರಿಟಿಷರ ಫೀಬಿ ಉದ್ದ ತೋಪುಗಳಿಂದ ದೂರದಲ್ಲೇ ನಿಂತು ಹೊಡೆದು ಶರಣಾಗಿಸಿತು.

ಚಕಮಕಿಯ ಕಾಲ ಮುಗಿದ ಬಗೆ ಹೇಳಿ ನಿಲ್ಲಿಸುತ್ತೇನೆ. ಅಲೆಕ್ಸಾಂಡರ್ ಫಾರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಹಕ್ಕಿ ಬೇಟೆಗಾರ. ರಂಜಕದ ಮಿಂಚು ಕಂಡೇ ಬಾತುಗಳು ಹಾರಿಹೋಗುತ್ತಿದ್ದವು. ಬಡಿದರೆ ಹೊತ್ತುವ ರಾಸಾಯನಿಕವನ್ನು ರಂಜಕದ ಬದಲು ಬಳಸಿ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಬೆಳೆದದ್ದೇ ತಾಮ್ರದ ಕೇಪು, ನಮ್ಮ ಮಲೆನಾಡಿನ ಕೇಪಿನ ಕೋವಿಯ ಕೇಪು. 1834ರಲ್ಲಿ ವುಲಿಚ್‌ನಲ್ಲಿ ಆರು ಸಾವಿರ ಸುತ್ತು ಹಾರಿಸಿ ಪರೀಕ್ಷಿಸಿದಾಗ ಚಕಮಕಿ ಕೋವಿ ಸರಾಸರಿ ಆರೂವರೆಗೆ ಒಂದು ಸಲ ಕೈಕೊಟ್ಟಿತು, ಕೇಪಿನದು 166ಕ್ಕೆ ಒಂದು ಸಲ.

1841ರ ಮೇ ತಿಂಗಳಲ್ಲಿ ಚೀನಾದ ಕ್ಯಾಂಟನ್ ಹೊರಗಿನ ಗದ್ದೆಗಳಲ್ಲಿ ಬ್ರಿಟಿಷರ 37ನೇ ಮದ್ರಾಸ್ ಪದಾತಿದಳದ ಒಂದು ತುಕಡಿ ಗುಡುಗುಮಳೆಯಲ್ಲಿ ದಾರಿ ತಪ್ಪಿ ಸಾವಿರಾರು ಹಳ್ಳಿಗರ ನಡುವೆ ಸಿಕ್ಕಿಬಿತ್ತು. ಕೈಯಲ್ಲಿದ್ದುದು ಚಕಮಕಿ ಕೋವಿ, ಒಂದೂ ಹಾರಲಿಲ್ಲ. ಚೌಕ ಕಟ್ಟಿ ಬಯೋನೆಟ್ಟಿನಿಂದಲೇ ತಡೆದು ನಿಂತರು. ರಾತ್ರಿ ಅವರನ್ನು ಹುಡುಕಿಕೊಂಡು ಬಂದ ಎರಡು ತುಕಡಿ ನೌಕಾಸಿಪಾಯಿಗಳ ಬಳಿ ಹೊಸ ಕೇಪಿನ ಕೋವಿಗಳಿದ್ದವು. ಅವು ಅದೇ ಮಳೆಯಲ್ಲಿ ಹಾರಿದವು.